ಕಾದ ಗಾಜು, ತಣ್ಣಗಿನ ಗಾಜು

ನಮ್ಮ ಕೆಮಿಸ್ಟ್ರಿ ಮೇಡಂ ಬಲಗೈಯ ಹೆಬ್ಬೆರಳು, ತೋರುಬೆರಳುಗಳ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಚರ್ಮ ನುಣ್ಣಗೆ ಹೊಳೆಯುತ್ತಿತ್ತು. ಬಸವನಗುಡಿಯ ನಮ್ಮ ಕಾಲೇಜಿಗೆ ಬೆರಳಚ್ಚಿನ ಹಾಜರಿ ಯಂತ್ರ ಬಂದಾಗ ಅದು ಮೇಡಂ ಬೆರಳನ್ನು ಒಪ್ಪಲೇ ಇಲ್ಲ. ಇಷ್ಟು ವರ್ಷ ಪಾಠ ಮಾಡಿದರೂ ತಾನು ಇಲ್ಲಿಯವಳಲ್ಲವಂತೆ ಎಂದು ನಗುತ್ತಿದ್ದರು.

ವಿದ್ಯಾರ್ಥಿನಿಯಾಗಿದ್ದಾಗ ಸುಟ್ಟುಕೊಂಡ ಬೆರಳುಗಳವು. ಬರ್ನರ್ ಮೇಲಿಂದ ಆಗಷ್ಟೇ ಇಳಿಸಿದ ಬೀಕರನ್ನು ತಣ್ಣಗಿದೆಯೆಂದು ಎತ್ತಿಬಿಟ್ಟಿದ್ದರಂತೆ. ಬೀಕರಿನ ಬೋರೊಸಿಲಿಕೇಟ್ ಗಾಜಿನ ಜಾಯಮಾನವೇ ಅದು. ಕಾದರೂ ಹೆಚ್ಚು ಹಿಗ್ಗುವುದಿಲ್ಲ, ಸುಲಭಕ್ಕೆ ಬಿರಿಯುವುದಿಲ್ಲ, ಕಾದಿದ್ದೇನೆಂದು ತೋರಿಸಿಕೊಳ್ಳುವುದೂ ಇಲ್ಲ. ಹಾಗಾಗಿ ಲ್ಯಾಬಿನ ಮೊದಲ ದಿನ ಅವರು ಕಲಿಸಿದ್ದು ಒಂದೇ: ಮುಟ್ಟುವ ಮೊದಲು ಕೈಯ ಹಿಂಬದಿಯನ್ನು ಹತ್ತಿರ ಹಿಡಿದು ನೋಡುವುದು. ಕ್ಯಾಂಟೀನಿನ ಕಾಫಿ ಲೋಟಕ್ಕೂ ಮೇಡಂ ಹಾಗೇ ಕೈ ಹಿಡಿದು ನೋಡುತ್ತಿದ್ದರು. ನಾವು ಬೆನ್ನ ಹಿಂದೆ ಅಣಕಿಸುತ್ತಿದ್ದೆವು.

ಅಮ್ಮ ತೀರಿಕೊಂಡಾಗ, ತಿಥಿ ಮುಗಿದ ಮಾರನೆಯ ದಿನವೇ ನಾನು ಲ್ಯಾಬಿಗೆ ಹೋದೆ. ಅಳಲಿಲ್ಲ. ಟೈಟ್ರೇಷನ್ ಪ್ರಯೋಗ ಕೂಡ ಸರಿಯಾಗಿಯೇ ಬಂತು. ಗಟ್ಟಿ ಹುಡುಗಿ ಎಂದರು ಎಲ್ಲರೂ. ಮೇಡಂ ಮಾತ್ರ ಹತ್ತಿರ ಬಂದು ಕೈಯ ಹಿಂಬದಿಯನ್ನು ನನ್ನ ಕೆನ್ನೆಗೆ ಇಟ್ಟರು.

"ಕಾದ ಗಾಜು, ತಣ್ಣಗಿರೋ ಗಾಜು ನೋಡೋಕೆ ಒಂದೇ ಥರ ಇರತ್ತೆ ಕಣಮ್ಮ. ಬಾ, ಸ್ಟೋರ್ ರೂಮಲ್ಲಿ ಕೂತ್ಕೊಂಡು ಅತ್ತುಬಿಡು."

ಫ್ಲಾಸ್ಕುಗಳ ನಡುವೆ ಕೂತು ಬಿಕ್ಕಿ ಬಿಕ್ಕಿ ಅತ್ತೆ. ಮೇಡಂ ಬಾಗಿಲಿಗೆ ಬೆನ್ನು ಕೊಟ್ಟು ನಿಂತು ಯಾರನ್ನೂ ಒಳಗೆ ಬಿಡಲಿಲ್ಲ. ಅಂದಿನಿಂದ ನನಗೆ ತಾಯಿ ಎಂದರೆ ಅವರೇ.

ನಾನೀಗ ಇಂಜೆಕ್ಷನ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದೇನೆ. ಕಳೆದ ವರ್ಷ ಮೇಡಂಗೆ ಕ್ಯಾನ್ಸರ್ ಎಂದು ತಿಳಿದು ಆಸ್ಪತ್ರೆಗೆ ಓಡಿದಾಗ ಅವರು ಔಷಧಿಯ ಖಾಲಿ ಸೀಸೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಇದಕ್ಯಾಕೆ ನಮ್ಮ ಲ್ಯಾಬಿನ ಗಾಜೇ ಬೇಕು, ಹೇಳು?"

ಸಾಮಾನ್ಯ ಗಾಜಾದರೆ ಅದರ ಕ್ಷಾರ ಔಷಧಿಗೆ ಇಳಿದು ಕೆಡಿಸುತ್ತದೆ ಎಂದೆ. ಪಾಸಾದೆ ಎಂದು ನಕ್ಕರು. ಆ ನಗುವನ್ನು ನಾನು ನಂಬಲಿಲ್ಲ. ಕೈಯ ಹಿಂಬದಿಯನ್ನು ಅವರ ಹಣೆಗಿಟ್ಟೆ. ಸುಡುತ್ತಿತ್ತು. ಅಷ್ಟಕ್ಕೇ ಅವರ ಕಣ್ಣು ತುಂಬಿತು.

"ಹೆದರಿಕೆ ಆಗ್ತಿದೆ ಕಣಮ್ಮ" ಎಂದರು.

ಆ ಮಧ್ಯಾಹ್ನ ಬಾಗಿಲಿಗೆ ಬೆನ್ನು ಕೊಟ್ಟು ನಿಂತವಳು ನಾನು. ಅವರು ಅಳುವಷ್ಟೂ ಹೊತ್ತು ನರ್ಸನ್ನೂ ಒಳಗೆ ಬಿಡಲಿಲ್ಲ.

ಔಷಧಿ ಕೆಟ್ಟಿರಲಿಲ್ಲ. ಆದರೂ ಮೇಡಂ ಉಳಿಯಲಿಲ್ಲ. ಚಾಮರಾಜಪೇಟೆಯ ಅವರ ಮನೆಯ ನಡುಮನೆಯಲ್ಲಿ ಮಲಗಿಸಿದ್ದರು. ಈ ಸಲ ನೋಡಿದರೇ ಗೊತ್ತಾಗುತ್ತಿತ್ತು, ಹಿಡಿದು ನೋಡುವ ಅಗತ್ಯವೇ ಇರಲಿಲ್ಲ. ಆದರೂ ನನ್ನ ಕೈಯ ಹಿಂಬದಿ ತಾನಾಗಿ ಅವರ ಕೆನ್ನೆಯ ಹತ್ತಿರ ಹೋಯಿತು, ಎಲ್ಲೋ ಇನ್ನೂ ಸ್ವಲ್ಪ ಬಿಸಿ ಉಳಿದಿರಬಹುದೆಂದು.