ಇಲ್ಲ ಅನ್ನಾಕ ಬಂದ ಬಾಯಾರ ಉಡಿ

ಗೆಳ್ಯಾರ, ಲೈಬ್ರರಿಯೊಳಗ ಸಂಜಿಮುಂದ ನನ್ನ ಹತ್ರ ಅಕ್ಷರ ಕಲಿಯೋ ಹೆಣ್ಮಕ್ಕಳು ಇವತ್ತ ಪಂಚಾಯ್ತಿ ಅಧ್ಯಕ್ಷೆ ಬಾಯಾರನ್ನ ಕಟ್ಟಿಗಿ ಮಣಿ ಮ್ಯಾಲೆ ಕುಂದರಿಸಿ ಉಡಿ ತುಂಬಿದ್ರು. ಪಾಪ, ಅವರು ಬಂದದ್ದು ಅನುದಾನ ಇಲ್ಲ, ಕ್ಲಾಸ್ ಬಂದ್ ಮಾಡ್ರಿ ಅಂತ ಹೇಳಾಕ.

ಸೆರಗಿನ್ಯಾಗ ಅಕ್ಕಿ, ಕಾಯಿ ಹಿಡಕೊಂಡ ಬಾಯಾರು “ಈ ವರ್ಷ ರೊಕ್ಕ…” ಅಂದ್ರೋ ಇಲ್ಲೋ, ಕಲಿಯಾಕ ಬರೋ ಗಂಗವ್ವ ತಡದಳು. “ಉಡಿ ಹಿಡಕೊಂಡು ಇಲ್ಲ ಅನಬಾರದ್ರಿ.”

“ಆತು, ನೋಡೋಣು” ಅಂದ್ರು ಬಾಯಾರು.

“ನೋಡೋಣು ಅಂದ್ರ ಏನಂತ, ಅಕ್ಷರ ಕಲಿಯೋಕಿಂತ ಮೊದಲ ನಮಗ ಗೊತ್ತೈತ್ರಿ” ಅಂದಳು ಹಸೀನಾಬಿ.

ಕಡೀಕ “ಕೊಡಸ್ತೇನಿ” ಅಂದ ಮ್ಯಾಲೆನ ಬಾಯಾರನ್ನ ಎದ್ದೇಳಾಕ ಬಿಟ್ರು.

ಆದ್ರ ಮಂಜೂರಿಗೆ ಸಹಿ ಹಾಕೋ ಸಾಹೇಬ್ರು ಸವದತ್ತ್ಯಾಗ ಅದಾರ, ಗಂಡಸರು. ಅವರಿಗೆ ಸೆರಗು ಎಲ್ಲಿಂದ ತರೋದು ಹೇಳ್ರಿ.