ಅಣ್ಣನ ಕಾರಿನ ಹಿಂದಿನ ಸೀಟು

ಮದುವೆಯ ಹೊತ್ತಿಗೆ ನನ್ನ ಗಂಡ ಶಿವಮೊಗ್ಗದ ಒಂದು ಕಾರ್ ಶೋರೂಮಿನ ಸರ್ವಿಸ್ ವಿಭಾಗದಲ್ಲಿದ್ದರು. ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಗುರುತಿನ ಚೀಟಿ, ಎದುರಿಗೊಂದು ಕಂಪ್ಯೂಟರ್. ಭದ್ರಾವತಿಯ ಓಲ್ಡ್ ಟೌನಿನಲ್ಲಿ ಹೈಸ್ಕೂಲ್ ಸಂಸ್ಕೃತ ಮೇಷ್ಟರಾಗಿದ್ದು ನಿವೃತ್ತರಾಗಿದ್ದ ನನ್ನ ಅಪ್ಪನಿಗೆ ಅಷ್ಟು ಸಾಕಾಗಿತ್ತು. ಹುಡುಗ ಆಫೀಸಿನಲ್ಲಿ ಕೂತು ಮಾಡುವ ಕೆಲಸದಲ್ಲಿದ್ದಾನೆ ಎಂದು ನೆಂಟರಿಗೆಲ್ಲ ಹೇಳಿಕೊಂಡು ಬಂದರು.

ನನ್ನವರಿಗೆ ಮಾತ್ರ ಕೂತು ಮಾಡುವ ಕೆಲಸ ಒಗ್ಗಲಿಲ್ಲ. ಮೈಸೂರಿಗೆ ಹೋಗಿ ಕಾರ್ ಡೀಟೇಲಿಂಗ್ ಕಲಿತು ಬಂದರು. ಭದ್ರಾವತಿ–ಶಿವಮೊಗ್ಗ ದಾರಿಯ ಮಲವಗೊಪ್ಪದಲ್ಲಿ ರಸ್ತೆಗೆ ಮುಖ ಮಾಡಿದ್ದ ಒಂದು ತಗಡಿನ ಶೆಡ್ಡು ಬಾಡಿಗೆಗೆ ಹಿಡಿದು, ಪಾಲಿಶ್ ಮೆಷಿನ್, ನೀರು ಹೀರುವ ಮೆಷಿನ್, ಸಾಲು ದೀಪಗಳನ್ನು ತಂದರು. ಬಣ್ಣದ ಮೇಲಿನ ಸಣ್ಣ ಗೀರುಗಳನ್ನು ಹಂತಹಂತವಾಗಿ ತೆಗೆಯುವುದು, ಮೇಲೆ ಹೊಳಪು ಕಾಯುವ ಕೋಟಿಂಗ್ ಕೊಡುವುದು, ಒಳಗಿನ ಸೀಟು, ಕಾರ್ಪೆಟ್, ಚಾವಣಿಯ ಬಟ್ಟೆಯವರೆಗೆ ಶುದ್ಧ ಮಾಡುವುದು, ಇದು ಕೆಲಸ. ಒಂದು ಕಾರಿಗೆ ಎರಡು ಮೂರು ದಿನ ಹಿಡಿಯುತ್ತದೆ. ಶುರುವಿನಲ್ಲಿ ಬೋರ್ಡು ನೋಡಿ ಒಳಗೆ ಬಂದವರೊಬ್ಬರು, ತಮ್ಮ ಹಳೇ ಗಾಡಿಯ ಡೀಟೇಲ್ಸ್ ಎಲ್ಲ ಇಲ್ಲಿ ಸಿಗುತ್ತದಾ, ಇನ್ಶೂರೆನ್ಸ್ ಮುಗಿದಿದೆ ಎಂದು ಕಾಗದಗಳನ್ನು ತೆಗೆದು ಮೇಜಿನ ಮೇಲೆ ಹರಡಿದ್ದರು. ಇವರು ನಗದೆ ಎಲ್ಲ ವಿವರಿಸಿದರು. ಆತ ಪೂರ್ತಿ ಕೇಳಿಸಿಕೊಂಡು, ಹಾಗಾದರೆ ವಾಟರ್ ವಾಶಿಗೆ ಎಷ್ಟು ತಗೋತೀರಿ ಅಂದರು. ಆಮೇಲೆ ಬಂದವರಲ್ಲಿ ಹೆಚ್ಚಿನವರು ಕೇಳಿದ್ದೂ ಅದನ್ನೇ.

ಶೆಡ್ಡಿನ ಗಣಪತಿ ಪೂಜೆಯನ್ನು ಅಪ್ಪನೇ ಮಾಡಿಸಿದರು. ಪೂಜೆ ಮುಗಿದ ಮೇಲೆ ಮೆಷಿನ್ನುಗಳ ಹತ್ತಿರ ನಿಂತು, ಒಂದೊಂದೂ ಏನು ಎಂದು ಅಳಿಯನನ್ನು ಕೇಳಿದರು. ಇವರು ಉತ್ಸಾಹದಿಂದ ಹೇಳುತ್ತಾ ಹೋದರು. ಎಲ್ಲ ಮುಗಿದ ಮೇಲೆ ಅಪ್ಪ ಅಂದದ್ದು ಇಷ್ಟೇ.

"ಅಂದ್ರೆ, ತೊಳೆಯೋದು."

"ತೊಳೆಯೋದು ಮೊದಲನೇದು ಮಾವ. ಆಮೇಲಿಂದು ಬೇರೇನೇ ಇದೆ" ಅಂದರು ಇವರು. ಅಪ್ಪ ತಲೆಯಾಡಿಸಿದರು. ಅವತ್ತಿನಿಂದ ಯಾರು ಕೇಳಿದರೂ, ಅಳಿಯಂದಿರು ಆಟೊಮೊಬೈಲ್ ಲೈನಿನಲ್ಲಿದ್ದಾರೆ ಎನ್ನುತ್ತಿದ್ದರು. ಅದು ಸುಳ್ಳಲ್ಲ. ಕೇಳಿದವರಿಗೆ ಏನೂ ತಿಳಿಯುತ್ತಿರಲಿಲ್ಲ, ಅಷ್ಟೆ.

ಒಳಗಿನ ಕೆಲಸ ನಾನು ಕಲಿತೆ. ಸೀಟು ಬಿಚ್ಚುವುದು, ಫೋಮು ಒಣಗಿಸುವುದು, ಬ್ರಶ್ಶು ಹಿಡಿದು ಹೊಲಿಗೆಯ ಸಂದುಗಳಿಗೆ ಇಳಿಯುವುದು. ಮನೆಯಲ್ಲಿ ನೆಲ ಒರೆಸುವವಳಿಗೆ ಇದೇನು ದೊಡ್ಡದು ಅನ್ನುವವರು ಇದ್ದರು. ನನಗೆ ಆ ಕೆಲಸ ಹಿಡಿಸಿತ್ತು. ಕಾರಿನೊಳಗೆ ಕೂತರೆ ಹೊರಗಿನ ಲಾರಿಗಳ ಸದ್ದು ದೂರವಾಗುತ್ತದೆ. ಒಂದು ಸಂಸಾರ ಹೇಗೆ ಬದುಕುತ್ತದೆ ಎಂಬುದು ಸೀಟಿನಡಿಯ ಬಿಸ್ಕತ್ ಪುಡಿ, ಮಲ್ಲಿಗೆಯ ಒಣ ಎಸಳು, ಅಡಿಕೆ ಚೂರುಗಳಲ್ಲಿ ಸಿಗುತ್ತದೆ. ಅಪ್ಪ ಒಮ್ಮೆ ಶಿವಮೊಗ್ಗಕ್ಕೆ ಹೋಗುವಾಗ ಬಸ್ಸಿನಿಂದ ಇಳಿದು ಬಂದಿದ್ದರು. ನಾನು ಯಾರದೋ ಕಾರಿನ ಡಿಕ್ಕಿಯೊಳಗೆ ಅರ್ಧ ಮೈ ತೂರಿಸಿಕೊಂಡು ಉಜ್ಜುತ್ತಿದ್ದೆ. "ನೀನೂ ಮಾಡ್ತೀಯಾ?" ಅಂದರು. ಮಾಡ್ತೀನಿ ಅಂದೆ. ಕಾಫಿ ತರಿಸುತ್ತೇನೆ ಅಂದರೂ ಕೂರಲಿಲ್ಲ. ಮುಂದಿನ ಬಸ್ಸಿಗೆ ಹೋದರು. ಆಮೇಲೆ ಶೆಡ್ಡಿಗೆ ಬರಲಿಲ್ಲ.

ಅಪ್ಪ ಇದ್ದದ್ದು ಅಣ್ಣನ ಜೊತೆ. ಅಣ್ಣ ಶಿವಮೊಗ್ಗದ ಸರ್ಕಾರಿ ಕಚೇರಿಯೊಂದರಲ್ಲಿ ಸೂಪರಿಂಟೆಂಡೆಂಟ್. ಓಲ್ಡ್ ಟೌನಿನಿಂದ ದಿನಾ ಹೋಗಿ ಬರುತ್ತಿದ್ದವನು ಕೊನೆಗೊಂದು ಕಡುನೀಲಿ ಬಣ್ಣದ ಕಾರು ಕೊಂಡ. ಅಂಥ ಬಣ್ಣದ ಮೇಲೆ ಗೀರು ಬೇಗ ಎದ್ದು ಕಾಣುತ್ತದೆ. ನಮ್ಮ ಕಡೆಯಿಂದ ಉಡುಗೊರೆಯಾಗಿ ಕೋಟಿಂಗ್ ಮಾಡಿಕೊಡುತ್ತೇನೆ ಎಂದು ಇವರು ಹೇಳಿದರು. ಅಣ್ಣ ನಕ್ಕುಬಿಟ್ಟ.

"ಯಾಕೆ ಸುಮ್ನೆ? ಭಾನುವಾರ ಒಂದು ಬಕೆಟ್ ನೀರು ತಗೊಂಡು ನಾನೇ ಒರೆಸ್ತೀನಿ. ಕಾರು ಓಡೋಕಲ್ವಾ ಇರೋದು?"

ಅಣ್ಣನನ್ನು ಬೈದುಕೊಳ್ಳಲಾರೆ. ಊರಿನ ಮಾತನ್ನೇ ಅವನು ಆಡಿದ. ಬಂಗಾರಕ್ಕೆ ಪಾಲಿಶ್ ಮಾಡಿಸಿದರೆ ಯಾರೂ ಕೇಳುವುದಿಲ್ಲ, ರೇಷ್ಮೆ ಸೀರೆಯನ್ನು ಡ್ರೈ ಕ್ಲೀನಿಗೆ ಕೊಟ್ಟರೆ ಕೇಳುವುದಿಲ್ಲ. ಕಾರಿಗೆ ಮಾಡಿಸಿದರೆ ಮಾತ್ರ, ದುಡ್ಡು ಹೆಚ್ಚಾಗಿದೆ ಎನ್ನುತ್ತಾರೆ. ಇವರು ಆ ಮಾತನ್ನು ಮತ್ತೆ ಎತ್ತಲಿಲ್ಲ. ಹೊಸ ಕಾರಿನ ಪೂಜೆಗೆ ಮಾತ್ರ ಇಬ್ಬರೂ ಹೋಗಿ ಊಟ ಮಾಡಿ ಬಂದೆವು.

ಅಪ್ಪನಿಗೆ ಹೊಟ್ಟೆಯ ತೊಂದರೆ ಮೊದಲಿನಿಂದ ಇತ್ತು. ಮಳೆಗಾಲ ಮುಗಿಯುತ್ತಿದ್ದ ದಿನಗಳು. ಒಂದು ಬೆಳಿಗ್ಗೆ, ಶೆಡ್ಡಿನ ಬಾಗಿಲು ತೆಗೆದು ಬಕೆಟ್ಟುಗಳನ್ನು ಹೊರಗಿಡುತ್ತಿದ್ದಾಗ ಅಣ್ಣನ ಫೋನ್ ಬಂತು. ಅಪ್ಪ ರಕ್ತ ವಾಂತಿ ಮಾಡುತ್ತಿದ್ದಾರೆ, ಆಂಬುಲೆನ್ಸಿಗೆ ಕಾಯದೆ ಕಾರಿನಲ್ಲೇ ಶಿವಮೊಗ್ಗಕ್ಕೆ ಕರೆತರುತ್ತಿದ್ದೇನೆ, ನೀನು ರಸ್ತೆಗೆ ಬಂದು ನಿಂತಿರು, ಹಿಂದೆ ಹಿಡಿದುಕೊಳ್ಳಲು ಯಾರೂ ಇಲ್ಲ ಅಂದ. ಅತ್ತಿಗೆ ಮಕ್ಕಳನ್ನು ಬಿಟ್ಟು ಹೊರಡುವಂತಿರಲಿಲ್ಲ.

ಕೈಯಲ್ಲಿದ್ದ ಒರೆಸುವ ಬಟ್ಟೆಯ ಸಮೇತ ರಸ್ತೆಯ ಬದಿಗೆ ಓಡಿದೆ. ಕಾರು ನಿಂತಿತು. ಹಿಂದಿನ ಸೀಟಿನಲ್ಲಿ ಅಪ್ಪ ಬಾಗಿಲಿಗೆ ಒರಗಿದ್ದರು. ಪಂಚೆ, ಎದೆ, ಸೀಟು ಎಲ್ಲ ಒದ್ದೆ. ನಾನು ಹತ್ತಿ ಅವರ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡೆ. ಅಣ್ಣ ಹಾರ್ನ್ ಒತ್ತುತ್ತಲೇ ಇದ್ದ. ಮುಂದೊಂದು ಕಬ್ಬಿನ ಟ್ರಾಕ್ಟರು ದಾರಿ ಬಿಡುತ್ತಿರಲಿಲ್ಲ.

ಅಪ್ಪ ಕಣ್ಣು ತೆರೆದು ನನ್ನನ್ನು ನೋಡಿದರು. ಆಮೇಲೆ ಸೀಟಿನ ಕಡೆ ನೋಡಿದರು.

"ಸೀಟೆಲ್ಲ ಗಲೀಜಾಯ್ತು ಕಣೆ" ಅಂದರು.

"ನಾನು ತೊಳೀತೀನಿ ಬಿಡಿ ಅಪ್ಪ."

ಇನ್ನೊಮ್ಮೆ ವಾಂತಿಯಾಯಿತು. ಕೈಯಲ್ಲಿದ್ದ ಬಟ್ಟೆಯಿಂದ ಬಾಯಿ ಒರೆಸಿದೆ. ಆಸ್ಪತ್ರೆಯ ಗೇಟು ಕಾಣುವ ಮೊದಲೇ ತೊಡೆಯ ಮೇಲಿನ ಭಾರ ಬದಲಾದದ್ದು ನನಗೆ ಗೊತ್ತಾಯಿತು. ಅಣ್ಣನಿಗೆ ಹೇಳಲಿಲ್ಲ. ಅವನು ಅಷ್ಟು ಶ್ರಮಪಟ್ಟು ಓಡಿಸುತ್ತಿದ್ದ. ಡಾಕ್ಟರು ಹೇಳಲಿ ಎಂದು ಸುಮ್ಮನೆ ಕೂತೆ.

ಆಸ್ಪತ್ರೆಯಿಂದ ಅಪ್ಪನನ್ನು ಓಲ್ಡ್ ಟೌನಿಗೆ ಆಂಬುಲೆನ್ಸಿನಲ್ಲಿ ತಂದರು. ಕಾರನ್ನು ಅಣ್ಣನ ಸ್ನೇಹಿತರು ಯಾರೋ ಓಡಿಸಿಕೊಂಡು ಬಂದು, ಮನೆಯ ಪಕ್ಕದ ಗಲ್ಲಿಯಲ್ಲಿ ಗಾಜು ಏರಿಸಿ ನಿಲ್ಲಿಸಿ ಹೋದರು. ಆಮೇಲೆ ಅದರ ಬಾಗಿಲು ಯಾರೂ ತೆಗೆಯಲಿಲ್ಲ. ಅಪರ ಕರ್ಮಗಳು ನಡೆದವು, ವೈಕುಂಠ ಸಮಾರಾಧನೆಯೂ ಮುಗಿಯಿತು. ಸೂತಕ ಕಳೆಯುವ ಶುಭಸ್ವೀಕಾರದ ದಿನ ಪುರೋಹಿತರು ಮನೆಗೆಲ್ಲ ಪುಣ್ಯಾಹದ ನೀರು ಚಿಮುಕಿಸಿದರು. ಅತ್ತಿಗೆ ನೆನಪು ಮಾಡಿ ಅವರನ್ನು ಕಾರಿನ ಹತ್ತಿರಕ್ಕೂ ಕರೆದುಕೊಂಡು ಹೋದರು. ಬಾಗಿಲು ತೆಗೆದ ಕೂಡಲೇ ಪುರೋಹಿತರು ಶಲ್ಯವನ್ನು ಮೂಗಿಗೆ ಹಿಡಿದರು. ದೂರದಿಂದಲೇ ಮಾವಿನೆಲೆಯಲ್ಲಿ ನೀರು ಎರಚಿ, ಇನ್ನು ದೋಷವಿಲ್ಲ ಅಂದರು. ದೋಷ ಹೋಗಿರಬಹುದು. ವಾಸನೆ ಹಾಗೇ ಇತ್ತು.

ನಾನು ನಮ್ಮ ಮನೆಗೆ ಹೊರಡುವಾಗ ಅಣ್ಣ ಗಲ್ಲಿಯವರೆಗೆ ಬಂದ. ಕೂದಲು ತೆಗೆಸಿದ ತಲೆ, ಇಳಿದುಹೋದ ಮುಖ. ಬಕೆಟ್ಟು ನೀರು ತೆಗೆದುಕೊಂಡು ಎರಡು ಸಲ ಬಂದನಂತೆ, ಬಾಗಿಲು ತೆಗೆಯುವುದಕ್ಕೆ ಆಗಲಿಲ್ಲವಂತೆ. ಪೇಟೆಯಿಂದ ಕರೆಸಿದ ವಾಟರ್ ವಾಶಿನವನೂ ಒಳಗೆ ಇಣುಕಿ, ಇದು ನಮ್ಮ ಕೈಲಿ ಆಗಲ್ಲ ಸಾರ್ ಎಂದು ವಾಪಸ್ ಹೋದನಂತೆ.

"ನಿಮ್ಮಲ್ಲಿ ಆಗುತ್ತಾ ಮಾರಾಯ್ತಿ?" ಅಂದ. ನನ್ನ ಮುಖ ನೋಡಲಿಲ್ಲ. "ನಿನಗೆ ಹೇಳಬಾರದು. ಬೇರೆ ಯಾರಿಗೆ ಹೇಳೋದು ಅಂತ ಗೊತ್ತಾಗ್ತಿಲ್ಲ."

ಆಗುತ್ತದೆ, ಕಳಿಸು ಅಂದೆ.

ಮಾರನೇ ದಿನ ನನ್ನವರೇ ಹೋಗಿ ಕಾರು ತಂದರು. ಗಾಜುಗಳನ್ನೆಲ್ಲ ಇಳಿಸಿಕೊಂಡು ಬಂದಿದ್ದರು. ಒಳಗಿನದನ್ನು ನಾನೇ ಮಾಡುತ್ತೇನೆ, ನೀನು ಮನೆಗೆ ಹೋಗು ಎಂದು ಎಷ್ಟೋ ಹೇಳಿದರು. ನಾನು ಹೋಗಲಿಲ್ಲ. ಅಪ್ಪನಿಗೆ ತೊಳೆಯುತ್ತೇನೆ ಅಂದಿದ್ದೆ.

ಹಿಂದಿನ ಸೀಟನ್ನು ಬಿಚ್ಚಿ ಹೊರಗಿಟ್ಟೆವು. ಬಟ್ಟೆಯ ಮೇಲಿನದು ಒಣಗಿ ಕಪ್ಪಾಗಿತ್ತು, ಕೆಳಗಿನ ಫೋಮು ಇನ್ನೂ ಹಸಿ. ರಕ್ತಕ್ಕೆ ಬಿಸಿನೀರು ತಾಗಿಸಬಾರದು, ಕಲೆ ಕೂತುಬಿಡುತ್ತದೆ. ತಣ್ಣೀರು ಹಾಕಿ, ಕಲೆ ತೆಗೆಯುವ ಔಷಧಿ ಹಾಕಿ ನೆನೆಯಲು ಬಿಟ್ಟು, ಮೆಷಿನ್ನಿನಿಂದ ಹೀರಬೇಕು. ಮೆಷಿನ್ನಿನ ಡಬ್ಬಿಗೆ ಬಂದು ಬೀಳುವ ನೀರು ಮೊದಲು ಕಂದು ಬಣ್ಣಕ್ಕಿತ್ತು, ಆಮೇಲೆ ಕೆಂಪಾಯಿತು. ಒಣಗಿದ್ದು ನೀರು ಕುಡಿದು ಮತ್ತೆ ತನ್ನ ಬಣ್ಣಕ್ಕೆ ಬರುತ್ತದೆ. ಬೇರೆಯವರ ಕಾರಿನಲ್ಲಿ ಆ ನೀರನ್ನು ಮೋರಿಗೆ ಚೆಲ್ಲುತ್ತೇವೆ. ಅವತ್ತು ನಾನು ಡಬ್ಬಿ ಹಿಡಿದುಕೊಂಡು ನಿಂತೆ. ಏನು ಮಾಡಬೇಕೆಂದು ತಿಳಿಯಲಿಲ್ಲ. ಇವರು ಬಂದು ಕೈಯಿಂದ ತೆಗೆದುಕೊಂಡು, ಶೆಡ್ಡಿನ ಹಿಂದಿನ ಬೇವಿನ ಮರದ ಹತ್ತಿರ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿದರು. ಪ್ರತಿ ಸಲವೂ ಹಾಗೇ ಮಾಡಿದರು.

ಕಾರ್ಪೆಟ್ಟಿನ ಅಡಿಯಲ್ಲಿ ಅಕ್ಷತೆಯ ಕಾಳುಗಳಿದ್ದವು, ಅಪ್ಪ ಕೆಮ್ಮಿಗೆ ಹಾಕಿಕೊಳ್ಳುತ್ತಿದ್ದ ಶುಂಠಿ ಪೆಪ್ಪರ್‌ಮಿಂಟಿನ ಕಾಗದಗಳಿದ್ದವು. ಸೀಟ್ ಬೆಲ್ಟಿನ ಬಕಲ್ಲಿನ ಸಂದಿಗೆ ಸಣ್ಣ ಬ್ರಶ್ಶು ಇಳಿಸಬೇಕಾಯಿತು. ಬಿಸಿಲು ಬಿದ್ದ ದಿನ ಸೀಟು ಒಣಗಿಸಿ, ಮತ್ತೆ ಮೂಸಿ ನೋಡಿ, ಮತ್ತೆ ತೊಳೆದೆವು. ಕಡೆಗೆ ಏನೂ ಉಳಿಯಲಿಲ್ಲ. ಅಂಥ ಕೆಲಸವನ್ನು ನಾವು ಮೊದಲೂ ಮಾಡಿರಲಿಲ್ಲ, ಆಮೇಲೂ ಅಷ್ಟು ಚೆನ್ನಾಗಿ ಮಾಡಿಲ್ಲ.

ಹೊರಗಿನ ಪಾಲಿಶ್ ಹಿಡಿದಾಗ ಇವರು ನನ್ನನ್ನು ಕರೆದರು. ದೀಪದ ಬೆಳಕಿನಲ್ಲಿ ಬಾನೆಟ್ಟಿನ ಮೇಲೆ ಒಂದು ಸ್ವಸ್ತಿಕದ ಗುರುತು ಮಂಜುಮಂಜಾಗಿ ಎದ್ದಿತ್ತು. ಕಾರಿನ ಪೂಜೆಯ ದಿನ ಅಪ್ಪ ಬೆರಳಿನಲ್ಲಿ ಕುಂಕುಮ ಕಲಸಿ ಬರೆದದ್ದು. ಬಿಸಿಲಿಗೆ ಅದು ಬಣ್ಣದೊಳಕ್ಕೆ ಇಳಿದಿತ್ತು. ಒಂದು ಗೆರೆಯ ಕೊನೆಯಲ್ಲಿ ಬೆರಳು ಎತ್ತಿದ ಕಡೆ ಸ್ವಲ್ಪ ದಪ್ಪಗಾಗಿತ್ತು.

"ತೆಗೀಬಹುದು. ತೆಗೀಲಾ?" ಅಂದರು.

ಅಣ್ಣನಿಗೆ ಫೋನ್ ಮಾಡಿದೆ. ಅಪ್ಪ ಹಾಕಿದ ಸ್ವಸ್ತಿಕ ಉಳಿದಿದೆ, ಬಿಡೋಣವಾ ಅಂತ ಕೇಳಿದೆ.

"ತೆಗೆದುಬಿಡಿ" ಅಂದ. "ತಗೊಳ್ಳೋನಿಗೆ ಅದು ಕಲೆ ತಾನೆ."

ಕಾರನ್ನು ಮಾರುತ್ತಾನೆ ಎಂಬುದು ನನಗೆ ಗೊತ್ತಾದದ್ದು ಆಗಲೇ. ಅವನೇ ಹೇಳಿದ, ಕನ್ನಡಿ ನೋಡಿದರೆ ಹಿಂದಿನ ಸೀಟೇ ಕಾಣುತ್ತೆ, ಓಡಿಸೋಕೆ ನನ್ನಿಂದ ಆಗಲ್ಲ, ನಿಮ್ಮತ್ತಿಗೆಯೂ ಹತ್ತಲ್ಲ ಅಂತ. ಇವರು ಮೆಷಿನ್ ಹಚ್ಚಿದರು. ನಾನು ಒಳಗೆ ಹೋಗಿ ಸೀಟು ಜೋಡಿಸಲು ಕೂತೆ. ಬಾನೆಟ್ಟಿನ ನಡುಕ ಸೀಟಿನವರೆಗೂ ಬರುತ್ತಿತ್ತು.

ಅಣ್ಣ ಬಂದು ಕಾರಿನ ಸುತ್ತ ನಡೆದು ನೋಡಿದ. ಬಾಗಿಲು ತೆಗೆದು, ತಲೆ ಒಳಗೆ ಹಾಕಿ ಉಸಿರು ಎಳೆದುಕೊಂಡ. ಬಹಳ ಹೊತ್ತು ಹಾಗೇ ಬಗ್ಗಿಕೊಂಡಿದ್ದ. ಹೊರಗೆ ಬಂದವನು ಇವರ ಕೈ ಹಿಡಿದುಕೊಂಡ. ಅಷ್ಟು ವರ್ಷದಲ್ಲಿ ಅವನು ಇವರ ಕೆಲಸದ ಬಗ್ಗೆ ಗೌರವ ತೋರಿಸಿದ್ದು ಅದೊಂದೇ ಸಲ. ಇವರು ಅದಕ್ಕೆ ಖುಷಿಪಡುವ ಸ್ಥಿತಿಯಲ್ಲಿರಲಿಲ್ಲ.

ಕಾರನ್ನು ತರೀಕೆರೆ ಕಡೆಯವರು ಯಾರೋ ಕೊಂಡರು. ಒಳ್ಳೆಯ ರೇಟಿಗೆ ಹೋಯಿತಂತೆ. ಒಳಗೆ ಹೊಸದರ ಹಾಗಿದೆ, ಜಾಸ್ತಿ ಓಡಿಸಿಲ್ಲವಾ ಎಂದು ಕೊಂಡವರು ಕೇಳಿದರಂತೆ. ಅಪ್ಪನ ಮಾಸಿಕದ ದಿನ ಊಟದ ಪಂಕ್ತಿಯಲ್ಲಿ ನೆಂಟರೊಬ್ಬರು ನಿಮ್ಮ ತಂಗಿಯ ಗಂಡ ಏನು ಮಾಡಿಕೊಂಡಿದ್ದಾರೆ ಎಂದು ಅಣ್ಣನನ್ನು ಕೇಳಿದರು. ಕಾರು ಕ್ಲೀನ್ ಮಾಡುತ್ತಾರೆ, ಎಂಥ ಗಾಡಿ ಇದ್ದರೂ ಒಂದು ಗುರುತೂ ಉಳಿಯದ ಹಾಗೆ ಮಾಡಿಕೊಡುತ್ತಾರೆ ಎಂದು ಅಣ್ಣ ಮನಸಾರೆ ಹೇಳಿದ. ನಾನು ಸಾರು ಬಡಿಸುತ್ತಾ ಮುಂದಿನ ಎಲೆಗೆ ಹೋದೆ.

ಮಾತು ಹರಡಿತು. ನಾವು ಬಯಸಿದ ಮಾತು ಅದಾಗಿರಲಿಲ್ಲ. ಭದ್ರಾವತಿಯ ನ್ಯೂ ಟೌನಿನಿಂದ, ಶಿವಮೊಗ್ಗದ ಬಡಾವಣೆಗಳಿಂದ ಅಂಥ ಕಾರುಗಳು ಬರತೊಡಗಿದವು. ಆಸ್ಪತ್ರೆ ಮುಟ್ಟುವ ಮೊದಲೇ ಯಾರೋ ತೀರಿಹೋದದ್ದು, ಅಪಘಾತದಲ್ಲಿ ಸಿಕ್ಕವರನ್ನು ಎತ್ತಿ ಹಾಕಿಕೊಂಡು ಓಡಿಸಿದ್ದು. ಅವರಲ್ಲಿ ಯಾರೂ ವಾಟರ್ ವಾಶಿಗೆ ಎಷ್ಟು ಎಂದು ಕೇಳುವುದಿಲ್ಲ. ಇಷ್ಟು ಯಾಕೆ ಎಂದು ಚೌಕಾಸಿಯನ್ನೂ ಮಾಡುವುದಿಲ್ಲ. ಹೊರಗೆ ಯಾರಿಗೂ ಹೇಳಬೇಡಿ ಎಂದು ಮಾತ್ರ ಕೇಳಿಕೊಳ್ಳುತ್ತಾರೆ. ಬಣ್ಣ ಹೊಳೆಯಿಸಲು ಮೈಸೂರಿಗೆ ಹೋಗಿ ಕಲಿತು ಬಂದ ನನ್ನವರಿಗೆ ಇದು ಸಹಿಸಲಾಗಲಿಲ್ಲ. ಇಂಥವು ಇನ್ನು ಬೇಡ, ಬೇರೆ ಏನಾದರೂ ಮಾಡೋಣ ಅಂದರು. ಬಂದವರು ಎಲ್ಲಿಗೆ ಹೋಗಬೇಕು ಎಂದು ನಾನೇ ಒಪ್ಪಿಸಿದೆ. ಈಗ ಅಂಥ ಕಾರಿನ ಒಳಗಿನ ಕೆಲಸವೆಲ್ಲ ನನ್ನದು. ಇವರು ಗುಂಡಿ ತೋಡಿಕೊಟ್ಟು, ಹೊರಗೆ ರಸ್ತೆ ನೋಡುತ್ತಾ ಕೂರುತ್ತಾರೆ. ಅವರು ಮೊದಲಿನಷ್ಟು ಮಾತಾಡುವುದಿಲ್ಲ.

ಶುರು ಮಾಡುವ ಮೊದಲು ನಾನು ಪ್ರತಿಯೊಬ್ಬರನ್ನೂ ಒಂದು ಮಾತು ಕೇಳುತ್ತೇನೆ: ಏನಾದರೂ ಉಳಿಸಬೇಕಾ? ಹೆಚ್ಚಿನವರಿಗೆ ಅದು ಅರ್ಥವಾಗುವುದಿಲ್ಲ. ನನ್ನ ಮುಖವನ್ನೊಮ್ಮೆ ನೋಡಿ, ಯಾವತ್ತಿಗೆ ಕೊಡ್ತೀರಿ ಎಂದು ಕೇಳುತ್ತಾರೆ.