ಊದಿಕೊಂಡ ಸೆಲ್ಲು

ಆ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಕರೆಯುತ್ತಿದ್ದದ್ದು ಉಪ್ಪಕ್ಕ ಎಂದೇ. ಲಿಥಿಯಂ ಉಪ್ಪನ್ನು ಕರಗಿಸುವ ಹೊಸ ಹೊಸ ದ್ರಾವಕಗಳನ್ನು ರೂಪಿಸುವುದು ಅವಳ ಕೆಲಸ. ಬ್ಯಾಟರಿಯೊಳಗಿನ ಲಿಥಿಯಂ ಲೋಹವೋ ಮಹಾ ಮುಂಗೋಪಿ. ಮೈಗೆ ತಾಗಿದ ದ್ರವವನ್ನೆಲ್ಲ ಕಚ್ಚುತ್ತದೆ. ಉಪ್ಪೂ ಕರಗಬೇಕು, ಲೋಹವೂ ಕೆರಳಬಾರದು. ಅತ್ತೆ ಸೊಸೆ ಇಬ್ಬರಿಂದಲೂ ಸೈ ಅನ್ನಿಸಿಕೊಂಡ ಹಾಗೆ ಎಂದು ಅವಳೇ ನಗುತ್ತಿದ್ದಳು. ಮಗ್ಗುಲ ಕೋಣೆಯಲ್ಲಿ ಸೆಲ್ಲುಗಳನ್ನು ಜೋಡಿಸಿ ಪರೀಕ್ಷಿಸುತ್ತಿದ್ದವಳು ಅವಳ ಒಡಹುಟ್ಟಿದ ತಂಗಿ. ಮನೆಯಲ್ಲಿ ಬಾಚಣಿಗೆಗೂ ಜಗಳ. ಇಲ್ಲಿ ಮಾತ್ರ ಒಬ್ಬಳಿಗೊಬ್ಬಳು ಹೆಗಲು.

ವರ್ಷಗಟ್ಟಲೆ ಹೆಣಗಿದ ಮೇಲೆ ಅಕ್ಕನ ಒಂದು ದ್ರಾವಕ, ಈಥರ್ ಜಾತಿಯದ್ದು, ಲೋಹದ ಜೊತೆ ಹಾಲುಜೇನಿನಂತೆ ಹೊಂದಿಕೊಂಡಿತು. ಪ್ರಯೋಗಾಲಯದ ಮುಖ್ಯಸ್ಥರ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ವೋಲ್ಟೇಜು ಏರಿಸಿಯೂ ನೋಡಿಬಿಡೋಣ ಎಂದರು. ದ್ರಾವಕ ಅಷ್ಟನ್ನು ತಾಳೀತೇ ಎಂದು ಅಕ್ಕನಿಗೆ ಒಳಗೊಳಗೇ ಅಳುಕು. ಆದರೂ ಹೂಂ ಅಂದಳು.

ಅಂದು ಮಧ್ಯಾಹ್ನ ತಂಗಿಯ ಕೋಣೆಯ ಬಾಗಿಲಲ್ಲಿ ಇಣುಕಿದ ಅಕ್ಕ ಹಾಗೇ ನಿಂತುಬಿಟ್ಟಳು. ಪರೀಕ್ಷೆಯ ಉಕ್ಕಿನ ಪೆಟ್ಟಿಗೆ ತೆರೆದಿತ್ತು. ಒಳಗಿನ ಚಪ್ಪಟೆ ಸೆಲ್ಲು ದಿಂಬಿನಂತೆ ಊದಿಕೊಂಡಿತ್ತು. ತಂಗಿ ಅದರ ತಂತಿಯತ್ತ ಕೈಚಾಚಿದ್ದಳು.

"ಕೈ ತೆಗಿ. ಪೆಟ್ಟಿಗೆ ಮುಚ್ಚಿ ಆಚೆ ಬಾ," ಎಂದಳು ಅಕ್ಕ, ದನಿ ಏರಿಸದೆ.

"ಒಂದು ಕ್ಲಿಪ್ಪು ಅಷ್ಟೇ ಅಕ್ಕಾ. ಬಿಡಿಸಿದ್ರೆ ಸೆಲ್ಲು ಉಳಿಯುತ್ತೆ. ನಿನ್ನ ಇಷ್ಟು ವರ್ಷದ ಕೆಲಸ ಅಲ್ವಾ?"

"ಕೆಲಸ ಸುಟ್ಟು ಹೋಗ್ಲಿ. ನೀನು ಬಾ."

ತಂಗಿ ಕದಲಲಿಲ್ಲ. ನುಗ್ಗಿ ಎಳೆದರೆ ಎಲ್ಲಿ ಆ ಕೈ ಸೆಲ್ಲಿಗೆ ತಾಗೀತೋ ಎಂದು ಅಕ್ಕನಿಗೆ ಭಯ, ಸುಮ್ಮನೆ ನಿಂತರೆ ಅದು ಸಿಡಿದೀತೆಂಬ ಭಯ. ಕೊನೆಗೆ ಅಕ್ಕನ ಮುಖ ನೋಡಿ ತಂಗಿ ಮುಚ್ಚಳ ದೂಡಿ ಚಿಲಕ ಹಾಕಿದಳು. ಅವಳು ಹೊಸ್ತಿಲು ದಾಟುವಷ್ಟರಲ್ಲಿ ಪೆಟ್ಟಿಗೆಯೊಳಗೆ ಸೆಲ್ಲು ಧಪ್ಪೆಂದು ಸಿಡಿಯಿತು. ಇಬ್ಬರೂ ಗೋಡೆಗೊರಗಿ ಕುಳಿತರು. ತಂಗಿಯ ಕೈ ತಣ್ಣಗಿತ್ತು. ಅಕ್ಕ ಅದನ್ನು ಬಹಳ ಹೊತ್ತು ಬಿಡಲಿಲ್ಲ.

ಸೆಲ್ಲು ಜೋಡಿಸಿದವರದೇ ಎಡವಟ್ಟು ಎಂದು ಮುಖ್ಯಸ್ಥರು ತಂಗಿಯತ್ತ ಬೊಟ್ಟು ಮಾಡಿದರು. ಅಕ್ಕ ಬಿಟ್ಟುಕೊಡಲಿಲ್ಲ. ಏರಿದ ವೋಲ್ಟೇಜು ತಾಳದೆ ತನ್ನ ದ್ರಾವಕವೇ ಒಡೆದು ಅನಿಲವಾಗಿದೆ ಎಂದು ಎಲ್ಲರೆದುರು ಹೇಳಿದಳು. ಮತ್ತೆ ಓನಾಮದಿಂದ ಶುರು. ಅಣುವಿನ ತುದಿಗೆ ಫ್ಲೋರಿನ್ ಸೇರಿಸಿದರೆ ದ್ರಾವಕಕ್ಕೆ ತಾಳಿಕೆ ಬರುತ್ತಿತ್ತು. ತುಸು ಹೆಚ್ಚಾದರೂ ಉಪ್ಪು ಕರಗದೆ ತಳದಲ್ಲೇ ಕೂರುತ್ತಿತ್ತು. ಹದ ಸಿಗುವಷ್ಟರಲ್ಲಿ ಅವಳ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿತ್ತು.

ಹೊಸ ಸೆಲ್ಲು ಅದೇ ವೋಲ್ಟೇಜಿಗೆ ಏರುವಾಗ ಅಕ್ಕ ತಂಗಿ ಗಾಜಿನಾಚೆ ನಿಂತಿದ್ದರು. ಅದು ಚಪ್ಪಟೆಯಾಗಿಯೇ ಉಳಿಯಿತು. ತಂಗಿ ಊಟಕ್ಕೆ ಕರೆದಳು. ಇನ್ನೂ ಸ್ವಲ್ಪ ನೋಡೋಣ ಎಂದು ಅಕ್ಕ ಅಲ್ಲೇ ನಿಂತಳು.